ಐಸಿನ ಹಡಗು

ಮಂಜುಗಡ್ಡೆಗೆ ಬಡಿದು ಟೈಟಾನಿಕ್ ಮುಳುಗಿದ್ದು 1912ರಲ್ಲಿ. ಮೂವತ್ತು ವರ್ಷದ ಮೇಲೆ ಜೆಫ್ರಿ ಪೈಕ್ ಎಂಬ ಆಂಗ್ಲ ಮಹಾಶಯ, ಆ ಗಡ್ಡೆಯನ್ನೇ ಹಡಗು ಮಾಡಿ ಮೇಲೆ ವಿಮಾನ ಇಳಿಸೋಣ ಎಂದ! ಯುದ್ಧಕಾಲ, ಉಕ್ಕಿಗೆ ಬರ. ಚರ್ಚಿಲ್ ಸಾಹೇಬರೂ ಹೂಂ ಅಂದುಬಿಟ್ಟರು.

ಬರೀ ಐಸು ಪಟ್ಟನೆ ಒಡೆಯುತ್ತದೆ. ನೂರಕ್ಕೆ 14 ಪಾಲು ಮರದ ತಿರುಳು ಬೆರೆಸಿ ಹೆಪ್ಪುಗಟ್ಟಿಸಿದರೆ ಮಾತ್ರ ಗುಂಡಿಗೂ ಜಗ್ಗದು. ಈ ‘ಪೈಕ್ರೀಟ್’ ಪ್ರಯೋಗ ನಡೆದದ್ದು ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ಶೀತಲಗೃಹದಲ್ಲಿ. ನಡುಗುತ್ತಾ ದುಡಿದ ಮ್ಯಾಕ್ಸ್ ಪೆರುಟ್ಜ್‌ಗೆ 1962ರಲ್ಲಿ ನೊಬೆಲ್ ಬಂತು; ಐಸಿಗಲ್ಲ, ಪ್ರೋಟೀನಿಗೆ.

1943ರ ಕ್ವಿಬೆಕ್ ಸಮಾವೇಶದಲ್ಲಿ ಮೌಂಟ್‌ಬ್ಯಾಟನ್ (ಹೌದು, ನಮ್ಮ ಕೊನೆಯ ವೈಸರಾಯ್ ಆದವರೇ) ಗಡ್ಡೆಗೆ ಪಿಸ್ತೂಲು ಹಾರಿಸಿ ತೋರಿಸಿದರು. ಗುಂಡು ಪುಟಿದು ಅಮೆರಿಕದ ಅಡ್ಮಿರಲ್ ಕಿಂಗ್ ಅವರ ಪ್ಯಾಂಟನ್ನು ಸವರಿಕೊಂಡು ಹೋಯಿತಂತೆ. ಸಭಿಕರನ್ನು ನಿದ್ದೆಗೆ ಬಿಡದ ಇಂಥ ಪ್ರಾತ್ಯಕ್ಷಿಕೆ ಈಗೆಲ್ಲಿದೆ?

ಕೆನಡಾದ ಪೆಟ್ರೀಷಿಯಾ ಸರೋವರದಲ್ಲಿ 60 ಅಡಿಯ ಮಾದರಿ ತೇಲಿದ್ದೂ ನಿಜ. ಆದರೆ ದೊಡ್ಡ ಹಡಗಿನ ಲೆಕ್ಕ ಹಾಕಿದಾಗ, ಅದನ್ನು ತಣ್ಣಗಿಡುವ ಯಂತ್ರ, ಕೊಳವೆಗಳಿಗೇ ರಾಶಿ ಉಕ್ಕು ಬೇಕಾಯಿತು. ಉಕ್ಕು ಉಳಿಸಲೆಂದೇ ಹುಟ್ಟಿದ ಯೋಜನೆ! ಫೈಲು ಮುಚ್ಚಿತು. ಸರೋವರದ ಮಾದರಿ ಮಾತ್ರ ಅಧಿಕಾರಿಗಳ ಉತ್ಸಾಹದಷ್ಟು ಬೇಗ ಕರಗಲಿಲ್ಲ.