ಕರ್ಣನಿಗೆ ಮೂರು ಅಂಕ

ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಕ್ಕೆ ಮುಂಚಿನ ವಾರ. ಐಕ್ಯೂಎಸಿ (ಆಂತರಿಕ ಗುಣಮಟ್ಟ ಖಾತರಿ ಕೋಶ) ಕೋಣೆಯಲ್ಲಿ ಕಾಫಿ ಆರಿದೆ, ಎಕ್ಸೆಲ್ ಹಾಳೆ ತೆರೆದಿದೆ.

ಸಂಯೋಜಕರು: ಮೇಷ್ಟ್ರೇ, ಕಲಿಕಾ ಫಲಿತಾಂಶದಲ್ಲಿ ‘ಹಳಗನ್ನಡ ಅರ್ಥವಾಗುತ್ತದೆ’ ಅಂತ ಬರೆದಿದ್ದೀರಿ. ಅರ್ಥವಾಗೋದನ್ನ ಅಳೆಯೋಕಾಗಲ್ಲ. ಬ್ಲೂಮ್ ಸಾಹೇಬರು 1956ರಲ್ಲೇ ಕಲಿಕೆಗೆ ಮೆಟ್ಟಿಲು ಕಟ್ಟಿಟ್ಟಿದ್ದಾರೆ. ‘ವಿಶ್ಲೇಷಿಸುತ್ತಾರೆ’ ಅಂತ ಹಾಕಿ.

ಮೇಷ್ಟ್ರು: ಪದ್ಯ ಬಿಡಿಸಿ ಓದೋಕೇ ಬರಲ್ಲ ಸಾರ್, ವಿಶ್ಲೇಷಣೆ ಎಲ್ಲಿಂದ?

ಸಂಯೋಜಕರು: ಓದೋದು ಬೇರೆ, ಕ್ರಿಯಾಪದ ಬೇರೆ. ಈಗ ಮ್ಯಾಪಿಂಗ್, ಅಂದ್ರೆ ಪಾಠಕ್ಕೂ ಪದವಿಯ ಗುರಿಗಳಿಗೂ ನಂಟು ಹಾಕೋದು. ಪಂಪಭಾರತದ ಕರ್ಣನಿಗೂ ‘ಪರಿಸರ ಮತ್ತು ಸುಸ್ಥಿರತೆ’ಗೂ ನಂಟೆಷ್ಟು? ಒಂದಾ, ಎರಡಾ, ಮೂರಾ?

(ಸೊನ್ನೆಗೆ ಅವಕಾಶವಿದೆ, ಹಾಕುವ ಧೈರ್ಯ ಯಾರಿಗೂ ಇಲ್ಲ.)

ಮೇಷ್ಟ್ರು: ರಥದ ಗಾಲಿ ಮಣ್ಣಲ್ಲಿ ಹೂತಿತ್ತು...

ಸಂಯೋಜಕರು: ಮಣ್ಣು! ಮೂರು ಹಾಕಿ.

ಮೇಷ್ಟ್ರು: ಹಾಳೆ ಆಗಲೇ ಹುಡುಗರ ಸಾಧನೆ ಮೂರಕ್ಕೆ 2.41 ಅಂತ ತೋರಿಸ್ತಿದೆ. ಪರೀಕ್ಷೆಯೇ ಆಗಿಲ್ಲವಲ್ಲ?

ಸಂಯೋಜಕರು: ಗುರಿ 2.4 ಇತ್ತು, ಮುಟ್ಟಿದ್ದೀವಿ. ಆದ್ರೆ ಎಲ್ಲದರಲ್ಲೂ ಮುಟ್ಟಿದ್ರೆ ಅನುಮಾನ ಬರುತ್ತೆ. ಒಂದರಲ್ಲಿ ಚೂರು ಇಳಿಸಿ; ‘ಸುಧಾರಣಾ ಕ್ರಮ’ದ ಕಾಲಂ ತುಂಬಬೇಕು.

ಮೇಷ್ಟ್ರು: ಏನಂತ?

ಸಂಯೋಜಕರು: ‘ಹೆಚ್ಚುವರಿ ತರಗತಿ ನಡೆಸಲಾಯಿತು.’

ಮೇಷ್ಟ್ರು: ಇರೋ ತರಗತಿಯೇ ಈಗ ಇದೆ ಸಾರ್. ಹುಡುಗರು ಕಾಯ್ತಿದ್ದಾರೆ.

ಸಂಯೋಜಕರು: ಕಾಯಲಿ ಬಿಡಿ. ‘ಸ್ವಯಂ ಕಲಿಕೆ’ ಕಾಲಂ ಇನ್ನೂ ಖಾಲಿ ಇದೆ.