ಗಾಡಿ ನಿಂತಿತು, ಸಲಹೆ ಶುರುವಾಯಿತು

ಮೇ ತಿಂಗಳ ನಾಗ್ಪುರದಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವುದು ಸುದ್ದಿಯೇ ಅಲ್ಲ. ಊರಾಚೆಯ ಮಣ್ಣುದಾರಿಯಲ್ಲಿ ಹಳೇ ಹೀರೋ ಇಂಪಲ್ಸ್ ಓಡಿಸುವ ಹುಡುಗನೂ ಸುದ್ದಿಯಲ್ಲ. ಗಾಡಿ ಬುಸುಗುಟ್ಟಿ ನಿಂತಿತೋ, ಎಲ್ಲಿದ್ದರೋ ಏನೋ, ನಾಲ್ಕು ಜನ ಸುತ್ತುಗಟ್ಟಿ ‘ಪ್ಲಗ್ ಬಿಚ್ಚು’ ಅನ್ನುತ್ತಾರೆ.

ಪಾಪ, ಪ್ಲಗ್ ಏನೂ ಮಾಡಿರುವುದಿಲ್ಲ.

ಮೊದಲು ನೋಡಬೇಕಾದ್ದು ಟ್ಯಾಂಕಿನ ಮುಚ್ಚಳ. ಅದರ ಸಣ್ಣ ಗಾಳಿಕಿಂಡಿಗೆ ಧೂಳು ಮೆತ್ತಿದರೆ ಒಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಕೆಳಗಿಳಿಯದು. ಮುಚ್ಚಳ ತೆಗೆದಾಗ ‘ಉಸ್ಸ್’ ಎಂದು ಗಾಡಿ ಮತ್ತೆ ಹೊರಟರೆ ಕಳ್ಳ ಸಿಕ್ಕ. ಸಿಗದಿದ್ದರೆ ಕಾರ್ಬ್ಯುರೇಟರ್ ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ, ಇಳಿದದ್ದನ್ನು ಗಾಜಿನ ಲೋಟದಲ್ಲಿ ಹಿಡಿಯಬೇಕು. ತಳದಲ್ಲಿ ಬೇರೆ ಪದರ ಕಂಡರೆ ಅಲ್ಲಿ ನೀರು ಸೇರಿದೆ ಎಂದರ್ಥ. ಐಡ್ಲಿಂಗಿನಲ್ಲಿ ಸತ್ತು, ಆಕ್ಸಿಲರೇಟರ್ ತಿರುವಿದಾಗ ಮಾತ್ರ ಬದುಕುವ ಗಾಡಿಯಲ್ಲಿ ಸಾಮಾನ್ಯವಾಗಿ ಪೈಲಟ್ ಜೆಟ್, ಅಂದರೆ ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಸಣ್ಣ ತೂತು, ಕಟ್ಟಿಕೊಂಡಿರುತ್ತದೆ.

ನೀರು ಬಂದದ್ದೆಲ್ಲಿಂದ? ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ. ಈ ಎಥನಾಲಿಗೆ ನೀರೆಂದರೆ ಪ್ರಾಣ. ಗಾಳಿಯ ತೇವ ಹೀರುತ್ತದೆ. ನೀರು ಅತಿಯಾದರೆ ಪೆಟ್ರೋಲಿನ ಸಂಗ ಬಿಟ್ಟು ನೀರಿನೊಂದಿಗೇ ತಳ ಸೇರುತ್ತದೆ. ಮಳೆಗಾಲವಿಡೀ ಮೂಲೆಯಲ್ಲಿ ನಿಂತ ಗಾಡಿ ದೀಪಾವಳಿಗೆ ಮುನಿಸಿಕೊಂಡರೆ, ಹಳೇ ಪೆಟ್ರೋಲ್ ಖಾಲಿ ಮಾಡಿಸುವುದೇ ಮದ್ದು.

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಮೇಲಿನ ಗಾಡಿಗಳಲ್ಲಿ ಬಹುಪಾಲು ಕಾರ್ಬ್ಯುರೇಟರೇ ಇಲ್ಲ. ಅಲ್ಲಿ ಕೀ ತಿರುವಿದಾಗ ಇಂಧನ ಪಂಪ್ ‘ಗುಂಯ್’ ಅನ್ನದಿದ್ದರೆ ಫ್ಯೂಸ್ ನೋಡಬೇಕು. ಸ್ಪ್ಯಾನರ್ ಹಿಡಿದು ಬಂದ ಸಲಹೆಗಾರರಿಗೆ ಗಾಡಿ ತಳ್ಳುವ ಕೆಲಸವಷ್ಟೇ ಬಾಕಿ.