ಇದು ಟಿವಿ ಅಲ್ಲ ಸರ್!

ಬೆಂಗಳೂರಿನ ಒಂದು ಪ್ಲೇ ಸ್ಕೂಲು. ಗೋಡೆಯ ಮೇಲೆ 55 ಇಂಚಿನ ಟಿವಿ. ಕೆಳಗೆ ಚಾಪೆಯ ಮೇಲೆ ಬಾಯಿ ಬಿಟ್ಟುಕೊಂಡು ಕೂತ ಮಕ್ಕಳು. ಒಬ್ಬನ ಕೈಯಲ್ಲಿ ಅರ್ಧ ಕಚ್ಚಿದ ಇಡ್ಲಿ. ಅಡ್ಮಿಷನ್ನಿಗೆ ಬಂದ ಅಪ್ಪ ಕೇಳಿದರು:

"ಮೇಡಂ, ದಿನಕ್ಕೆ ಎಷ್ಟು ಹೊತ್ತು ಟಿವಿ ಹಾಕ್ತೀರಿ?"

"ಟಿವಿ ಅನ್ಬೇಡಿ ಸರ್, ಅದು ಸ್ಮಾರ್ಟ್ ಕ್ಲಾಸ್."

"ಅದರಲ್ಲಿ ಛೋಟಾ ಭೀಮ್ ಲಡ್ಡು ತಿಂತಿದ್ದಾನಲ್ಲ?"

"ಈಗ ನ್ಯೂಟ್ರಿಷನ್ ಪೀರಿಯಡ್. ಇದಕ್ಕೆ ಮುಂಚೆ ರೈಮ್ಸ್ ಇತ್ತು. ಆಮೇಲೆ ಎಬಿಸಿ, ವ್ಯಾನ್ ಬರೋವರೆಗೆ ನೀತಿಕತೆ."

ಅಪ್ಪ ಓದಿಕೊಂಡೇ ಬಂದಿದ್ದರು. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆ ಒಂದು ಗಂಟೆ ಇಡೀ ದಿನದ್ದು. ಶಾಲೆಗೊಂದು, ಮನೆಗೊಂದು ಅಂತಲ್ಲ. ಲೆಕ್ಕದ ಈ ಭಾಗ ಮಾತ್ರ ಎಲ್ಲರಿಗೂ ಸಲೀಸಾಗಿ ಮರೆತುಹೋಗುತ್ತದೆ.

"ನಮ್ಮಲ್ಲಿ ಯಾವ ಪೀರಿಯಡ್ಡೂ ಅರ್ಧ ಗಂಟೆ ದಾಟಲ್ಲ ಸರ್."

"3 ವರ್ಷದ ಮಗು ದಿನಕ್ಕೆ 180 ನಿಮಿಷ ಓಡಾಡಿ ಆಡಬೇಕಂತೆ..."

"ಅಯ್ಯೋ, ದಿನಾ ಯೋಗದ ವಿಡಿಯೋ ತೋರಿಸ್ತೀವಿ! ಅಂದಹಾಗೆ, ನಿಮ್ಮ ಮಗು ಎಲ್ಲಿ?"

"ಕಾರಲ್ಲಿದ್ದಾನೆ. ಅವರಮ್ಮನ ಫೋನು ಹಿಡ್ಕೊಂಡು ಕೂತಿದ್ದಾನೆ. ಕಿತ್ಕೊಂಡ್ರೆ ರಸ್ತೆಗೆಲ್ಲ ಕೇಳೋ ಹಾಗೆ ಕಿರುಚ್ತಾನೆ."

ಮೇಡಂ ಮುಖ ಅರಳಿತು. "ಹಾಗಿದ್ರೆ ಒಂದೇ ದಿನದಲ್ಲಿ ಹೊಂದ್ಕೊಳ್ತಾನೆ ಬಿಡಿ. ಫೀಸು ನಗದಾ, ಯುಪಿಐಯಾ?"